ಅಂಗೈ ಇರುವ ಜಾಗ

ಬನಹಟ್ಟಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಂದು ಗೋಡೆ ಸದಾ ನಡುಗುತ್ತಿತ್ತು. ಅದರಾಚೆ ಮಗ್ಗದ ಷೆಡ್ಡು. ಅತ್ತ ಪವರ್‌ಲೂಮುಗಳು ಬಡಿಯುತ್ತಿದ್ದರೆ ಇತ್ತ ಮಾಡದಲ್ಲಿಟ್ಟ ಎಣ್ಣೆಯ ಬಾಟಲಿ, ಹಿತ್ತಾಳೆಯ ತಾಟು, ಗೂಟಕ್ಕೆ ಸಿಕ್ಕಿಸಿದ ಕಂದೀಲಿನ ಗಾಜು ಸಣ್ಣಗೆ ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತಿದ್ದವು. ಬಂದ ನೆಂಟರು ತಲೆ ಹಿಡಿದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತಿದ್ದರು. ಅಪ್ಪ ಮಾತ್ರ ಆ ಗೋಡೆಯನ್ನೇ ಹುಡುಕಿಕೊಂಡು ಬಂದು ಒರಗುತ್ತಿದ್ದ. ಅವನ ಎಡಗೈ ಮೊಣಕೈಗಿಂತ ತುಸು ಕೆಳಗೆ ಮುಗಿದುಹೋಗಿತ್ತು. ಆ ಮೊಂಡು ತುದಿಯನ್ನು ಗೋಡೆಗೆ ಒತ್ತಿ, ಕಣ್ಣು ಅರ್ಧ ಮುಚ್ಚಿ, ಯಾರೋ ಅವನ ಕೈ ನೀವುತ್ತಿದ್ದಾರೆ ಎನ್ನುವ ಹಾಗೆ ಕೂತಿರುತ್ತಿದ್ದ. ಅವ್ವ ಅದೇ ಗೋಡೆಯ ಬುಡದಲ್ಲಿ ರಾಟೆ ಇಟ್ಟುಕೊಂಡು ಮಗ್ಗದವರಿಗೆ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಇಬ್ಬರ ನಡುವೆ ಪಾಟಿ ಹಿಡಿದು ಕೂತಿರುತ್ತಿದ್ದೆ. ಕರೆಂಟ್ ಹೋದಾಗ ಇಡೀ ಓಣಿಗೆ ಒಮ್ಮೆಲೇ ಕಿವಿ ಮುಚ್ಚಿದಂತಾಗುತ್ತಿತ್ತು. ಗೋಡೆ ಸತ್ತುಬಿಡುತ್ತಿತ್ತು. ಅಪ್ಪನ ಮುಖ ಸೊಟ್ಟಗಾಗುತ್ತಿತ್ತು.

“ಹಿಡೀತು,” ಎನ್ನುತ್ತಿದ್ದ.

ಇಲ್ಲದ ಕೈ ಮುಷ್ಟಿ ಕಟ್ಟುತ್ತಿತ್ತು. ಉಗುರು ಅಂಗೈಯೊಳಗೆ ಇಳಿಯುತ್ತವೆ ಎಂದು ಹೇಳಿ ಅವನು ಬಲಗೈಯಿಂದ ಗಾಳಿಯನ್ನು ಹಿಡಿದು ಬಿಡಿಸಲು ನೋಡುತ್ತಿದ್ದ. ಕರೆಂಟ್ ಯಾಕೆ ಹೋಗುತ್ತದೆ, ಎಲ್ಲಿಗೆ ಹೋಗುತ್ತದೆ, ಯಾರು ಕಳಿಸುತ್ತಾರೆ ಎಂದು ನಾನು ಸಾಲೆಯ ಮಾಸ್ತರರ ಜೀವ ತಿಂದದ್ದು ಆ ದಿನಗಳಲ್ಲಿ. ಇವತ್ತು ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕಲಿಸುತ್ತೇನೆ. ಕೈ ಕಳೆದುಕೊಂಡವರ ನರಕ್ಕೆ ಕೂದಲಿಗಿಂತ ಸಣ್ಣ ತಂತಿ ಮುಟ್ಟಿಸಿ, ಕೃತಕ ಬೆರಳಿಗೆ ತಾಗಿದ್ದನ್ನು ಅವರ ಮಿದುಳಿಗೆ ತಲುಪಿಸುವುದು ನನ್ನ ಪ್ರಯೋಗಾಲಯದ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ತಾಟಿನಲ್ಲಿಟ್ಟು ಕೊಡಲಿಲ್ಲ. ಆದರೆ ಈ ವಿಷಯವನ್ನು ಹೇಗೆ ಆರಿಸಿಕೊಂಡಿರಿ ಎಂದು ಕೇಳುವವರಿಗೆ ಉತ್ತರ ಕೊಡಲು ತಡವರಿಸುತ್ತೇನೆ. ನಾನು ಆರಿಸಿಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಕಾಣದ ಒಂದು ಕೈ ಇತ್ತು. ಅದರ ಜೊತೆ ನಾನು ಬೆಳೆದೆ.

ಬನಹಟ್ಟಿಗೆ ಬರುವ ಮುಂಚೆ ನಾವಿದ್ದದ್ದು ಬೀಳಗಿಯ ಕಡೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ಸುಗ್ಗಿಯ ದಿನಗಳಲ್ಲಿ ಅಪ್ಪ ಮಹಾಲಿಂಗಪುರದ ಕಡೆ ಆಲೆಮನೆಗೆ ದುಡಿಯಲು ಹೋಗುತ್ತಿದ್ದ. ಗಾಣದ ಬಾಯಿಗೆ ಕಬ್ಬು ಕೊಡುವ ಕೆಲಸ. ಒಂದು ಬೆಳಿಗ್ಗೆ ಗಾಣ ಕಬ್ಬಿನ ಜೊತೆ ಅವನ ಎಡಗೈಯನ್ನೂ ಎಳೆದುಕೊಂಡಿತು. ದವಾಖಾನೆಯಲ್ಲಿ ಕೈ ತೆಗೆದರು. ಮನುಷ್ಯನ ಮೈಯದು ಏನೇ ಇರಲಿ ಅವನ ಹಿರಿಯರ ಮಣ್ಣಿಗೇ ಸೇರಬೇಕು ಎಂದು ಸೋದರಮಾವ ಅದನ್ನು ಹೊಸ ಬಿಳಿ ಅರಿವೆಯಲ್ಲಿ ಸುತ್ತಿ, ಚೀಲದಲ್ಲಿಟ್ಟುಕೊಂಡು, ಬಸ್ಸು ಹತ್ತಿ ಊರಿಗೆ ತಂದ. ನಮ್ಮ ಹೊಲದ ಮೂಲೆಯಲ್ಲಿ ಹಿರಿಯರನ್ನು ಹುಗಿದ ಜಾಗವಿತ್ತು, ಅಲ್ಲೊಂದು ಬನ್ನಿ ಗಿಡ. ಅದರ ಬುಡದಲ್ಲಿ ಹುಗಿದು, ಕೈಕಾಲು ತೊಳೆದು ಒಳಗೆ ಬಂದಾಗ ಆಯಿ, ಅಂದರೆ ಅಪ್ಪನ ತಾಯಿ, ಕೇಳಿದ್ದು ಒಂದೇ ಮಾತು.

“ಬೆರಳು ಬಿಡಿಸಿದ್ಯಾ?”

“ಇಲ್ಲಬೇ ಅತ್ತಿ. ಮುಷ್ಟಿ ಹೆಂಗಿತ್ತೋ ಹಂಗ ಇಟ್ನಿ. ಅರಿವಿ ಬಿಚ್ಚಿ ನೋಡೂ ಧೈರ್ಯ ಆಗಲಿಲ್ಲ.”

ಆಯಿ ಅಲ್ಲೇ ಕುಸಿದು ಕೂತಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಣಿಯೊಳಗೆ ಕೂಡಿಸುತ್ತಾರೆ. ಎಡಗೈಯ ಬೆರಳು ಬಿಡಿಸಿ, ಬದುಕಿದ್ದಾಗ ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟು, ಆಮೇಲೆ ಮಣ್ಣು ಎಳೆಯುತ್ತಾರೆ. ಅಂಗೈ ತೆರೆದಿರಬೇಕು. ಮುಚ್ಚಿದ ಮುಷ್ಟಿಯನ್ನು ಮುಚ್ಚಿದ ಹಾಗೇ ಮಣ್ಣಿಗಿಟ್ಟ ಸಂಗತಿ ಅಂದು ಆಯಿಯ ಎದೆಯಲ್ಲಿ ಕೂತದ್ದು ಅವಳು ಸಾಯುವ ತನಕ ಏಳಲಿಲ್ಲ. ಮಾತಾಡಿಸಲು ಬಂದವರು, “ಪುಣ್ಯಾ ಮಾಡೀರಿ, ಎಡಗೈ ಹೋತು, ಉಣ್ಣೂ ಕೈ ಉಳೀತು,” ಎನ್ನುತ್ತಿದ್ದರು. ಆಯಿ ಅವರಿಗೆ ಚಹಾ ಕೊಡದೆ ಕಳಿಸುತ್ತಿದ್ದಳು.

ಉಣ್ಣುವ ಕೈ ಉಳಿದಿದ್ದರೂ ಅಪ್ಪ ಉಣ್ಣಲಿಲ್ಲ. ನಮ್ಮ ಮನೆಯಲ್ಲಿ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಹಿರಿಯರು ಬಾಯಿಗೆ ಏನೂ ಹಾಕುತ್ತಿರಲಿಲ್ಲ. ದವಾಖಾನೆಯಲ್ಲಿ ಗ್ಲೂಕೋಸ್ ಇತ್ತು, ನಡೆಯಿತು. ಮನೆಗೆ ಬಂದ ಮೇಲೆ ಅವ್ವ ಬಡಿಸಿದ ರೊಟ್ಟಿ ಒಣಗಿ ಸೆಟೆದು ಕೂಡತೊಡಗಿತು. ಅಪ್ಪ ಮಜ್ಜಿಗೆ ಕುಡಿದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ. ಕಡೆಗೊಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ಜಗಳ ಶುರುವಾಯಿತು.

“ಉಣ್ರೀ. ಹಿಂಗ ಎಷ್ಟ ದಿನ ಅಂತ?” ಎಂದಳು ಅವ್ವ.

“ಪೂಜಿ ಆಗಲಾರದ ಹೆಂಗ ಉಣ್ಣಲಿ?”

“ಬಲಗೈಯಾಗ ಇಟಗೋರಿ.”

“ಬಲಗೈಯಾಗ ಇಟಗೊಂಡರ ನೀರು ಯಾರು ಎರೀತಾರ? ನಿಮ್ಮಪ್ಪ ಬರತಾನೇನು?”

“ನಮ್ಮಪ್ಪನ್ನ ಯಾಕ ಎಳೀತೀರಿ, ಆ ಪುಣ್ಯಾತ್ಮ ಸತ್ತು ಸುಖದಾಗ ಅದಾನ. ತಗೋರಿ, ನನ್ನ ಕೈ ಒಡ್ಡತೀನಿ, ಇಡ್ರಿ.”

ಆಯಿ ನಡುವೆ ಬಂದಳು. “ಏನ್ ಮಾಡಾಕತ್ತೀಯವ್ವಾ? ನಿನಗ ನಿಂದು ಲಿಂಗ ಇಲ್ಲೇನು? ಒಂದ ಅಂಗೈಯಾಗ ಎರಡು ಲಿಂಗ ಕೂಡಂಗಿಲ್ಲ.”

“ಹಂಗಾರ ಉಪಾಸ ಕೆಡವ್ರಿ ನಿಮ್ಮ ಮಗನ್ನ.”

ಆಯಿ ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ನನ್ನನ್ನು ಬಹಳ ಹೊತ್ತು ನೋಡಿದಳು.

“ಕಸ್ತೂ, ಕೈ ತೊಳಕೊಂಡು ಬಾ ಬೇ ಇಲ್ಲಿ.”

ನನಗೆ ಆಗ ದೀಕ್ಷೆಯಾಗಿರಲಿಲ್ಲ. ಹುಟ್ಟಿದಾಗ ಕೊರಳಿಗೆ ಕಟ್ಟಿದ ಲಿಂಗವಿದ್ದರೂ ಅದನ್ನು ಅಂಗೈಯಲ್ಲಿಟ್ಟು ಪೂಜಿಸುವ ನೇಮ ದೀಕ್ಷೆಯ ನಂತರವೇ. ಆಯಿ ನನ್ನ ಎಡಗೈ ಹಿಡಿದು ಅಪ್ಪನ ಮುಂದೆ ಚಾಚಿದಳು. “ಇಕೀ ಕೈ ಇನ್ನೂ ಖಾಲಿ ಐತಿ. ನಿನ್ನ ರಕ್ತಾನ ಇದು. ಇದು ನಿನ್ನ ಕೈ ಅಲ್ಲ ಅನ್ನಾಕ ಯಾವ ಅಯ್ಯಗ ಬಾಯಿ ಐತಿ ನಾನೂ ನೋಡತೀನಿ.”

“ಹೇಣ್ತಿ ಕೈ ನಡಿಯಂಗಿಲ್ಲ, ಕೂಸಿನ ಕೈ ನಡಿತೈತಿ. ಛಲೋ ಐತಿ ನಿಮ್ಮ ಶಾಸ್ತ್ರ,” ಎಂದಳು ಅವ್ವ.

“ಶಾಸ್ತ್ರ ಹಾಳಾಗಿ ಹೋಗಲಿ. ನನ್ನ ಮಗ ಉಣ್ಣಬೇಕು.”

ಅಪ್ಪ ಚಕ್ಕಳಮಕ್ಕಳ ಹಾಕಿ ಕೂತ. ನಾನು ಅವನ ಎಡಕ್ಕೆ, ಅವನ ತೊಡೆಗೆ ತಾಗಿ ಕೂತು, ನನ್ನ ತೋಳನ್ನು ಅವನ ಮೊಂಡುಗೈಯ ಗುಂಟ ಚಾಚಿದೆ. ಅವನು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದು ಸರಿಸಿದ. “ತುಸು ಮುಂದ. ಇನ್ನಷ್ಟ. ಒಳಗ ತಿರುಗಸು. ಹಾಂ, ಅಲ್ಲೇ ಐತಿ ನೋಡು.” ಎಲ್ಲಿದೆ, ಏನಿದೆ ಎಂದು ನಾನು ಕೇಳಲಿಲ್ಲ. ಅವನು ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ನೇರಳೆ ಹಣ್ಣಿಗಿಂತ ಸ್ವಲ್ಪ ದೊಡ್ಡದು, ಕಪ್ಪಗೆ, ತಣ್ಣಗೆ. ನೀರು ಎರೆದ. ನೀರು ನನ್ನ ಬೆರಳ ಸಂದಿಯಿಂದ ಇಳಿದು ತಾಟಿಗೆ ಬಿತ್ತು. ಅವನು ಕಣ್ಣು ತೆರೆದು ನನ್ನ ಅಂಗೈ ನೋಡುತ್ತಾ ನೋಡುತ್ತಾ ಒಮ್ಮೆ ಉಸಿರು ಬಿಟ್ಟ.

“ಬಿಚ್ಚಿತು,” ಎಂದ.

ಅಂದು ಅವನು ಝುಣಕ ಹಚ್ಚಿಕೊಂಡು ರೊಟ್ಟಿ ತಿಂದ. ಅವ್ವ ರೊಟ್ಟಿ ಬಡಿಯುತ್ತಲೇ ಅತ್ತಳು, ಆಯಿಗೆ ಕಾಣದಿರಲೆಂದು ಒಲೆಯ ಹೊಗೆಯನ್ನು ಬೈದಳು. ಕಣ್ಣು ಒಂದು ಕೈಯನ್ನು ಕಂಡಾಗ ಮಿದುಳು ಅದನ್ನು ತನ್ನದೇ ಎಂದು ನಂಬಿ, ಬಿಗಿದ ಮುಷ್ಟಿಯನ್ನು ಸಡಿಲಿಸುತ್ತದೆ ಎಂದು ನಾನು ಈಗ ತರಗತಿಯಲ್ಲಿ ಕಲಿಸುತ್ತೇನೆ. ಅದು ಸರಿಯೇ. ಆದರೆ ಬೋರ್ಡಿನ ಮುಂದೆ ನಿಂತು ಹಾಗೆ ಹೇಳುವಾಗೆಲ್ಲ ನನ್ನ ಎಡ ಅಂಗೈ ಒದ್ದೆಯಾಗುತ್ತದೆ. ಅಂದಿನಿಂದ ಪ್ರತಿ ಬೆಳಿಗ್ಗೆ ಪೂಜೆ ಮುಗಿಯುವ ತನಕ ಆ ಕೈ ನನ್ನದಾಗಿರಲಿಲ್ಲ. ಒಮ್ಮೊಮ್ಮೆ ಅದರ ಮೇಲೆ ನೊಣ ಕೂತರೂ ನನಗೆ ತಿಳಿಯುತ್ತಿರಲಿಲ್ಲ. ಅಪ್ಪ ತಲೆ ಕೊಡವಿ, “ನೊಣಾ ಹೊಡಿಯವಾ,” ಎನ್ನುತ್ತಿದ್ದ.

ಬಾಗಲಕೋಟೆ ಬೇರೆ ಜಿಲ್ಲೆಯಾದ ಹೊಸತು. ಊರೆಲ್ಲ ಆಲಮಟ್ಟಿಯ ಹಿನ್ನೀರಿನದೇ ಮಾತು. ಜನ ಬಾಗಿಲು, ತೊಲೆ, ಹಂಚು ಕಿತ್ತುಕೊಂಡು ಬಂಡಿಗೆ ಹೇರುತ್ತಿದ್ದರು. ನಾವು ಬನಹಟ್ಟಿಗೆ ಹೊರಡುವ ಮುಂಚಿನ ಬೇಸಿಗೆಯಲ್ಲಿ ಆಯಿ ಹಟ ಹಿಡಿದಳು: ನೀರು ಬರುವುದರೊಳಗೆ ಕೈ ಹೊರಗೆ ತೆಗೆಯಬೇಕು, ಬೆರಳು ಬಿಡಿಸಿ ಮತ್ತೆ ಹುಗಿಯಬೇಕು. ಎಲುಬೇ ಉಳಿದಿದ್ದರೆ ಎಲುಬನ್ನೇ ಬಿಡಿಸಬೇಕು. ಅವ್ವ, “ನನಗ ಕೂಳು ಇಳಿಯಂಗಿಲ್ಲ, ನಾ ಬರಂಗಿಲ್ಲ,” ಎಂದು ಮನೆಯಲ್ಲೇ ಉಳಿದಳು. ಅಪ್ಪ, ಆಯಿ, ನಾನು ಹೋದೆವು. ಹೋಗಿ ನೋಡಿದರೆ ಬನ್ನಿ ಗಿಡವೇ ಇಲ್ಲ. ಮುಳುಗುವ ಗಿಡ ಯಾರದಾದರೇನು ಎಂದು ಯಾರೋ ಕಡಿದು ಬೊಡ್ಡೆ ಸಮೇತ ಒಯ್ದಿದ್ದರು. ಟ್ರ್ಯಾಕ್ಟರ್ ಹಾಯ್ದು ನೆಲ ಎಲ್ಲ ಒಂದೇ ಆಗಿತ್ತು. ಆಯಿ ಸಲಿಕೆ ಹಿಡಿದು ಇಲ್ಲಿ ಅಗೆದಳು, ಅಲ್ಲಿ ಅಗೆದಳು. ಹಿರಿಯರನ್ನು ಇಟ್ಟ ಜಾಗಕ್ಕೆ ತಾಗೀತೆಂದು ಹೆದರಿ ಹಿಂದೆ ಸರಿದಳು. ಅಪ್ಪ ಸುಡುವ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು ಮೊಂಡುಗೈಯನ್ನು ಅತ್ತಿತ್ತ ಆಡಿಸಿದ, ಕತ್ತಲ ಕೋಣೆಯಲ್ಲಿ ಚಿಲಕ ಹುಡುಕುವವನಂತೆ.

“ಇಲ್ಲೇ ಐತಿ ಬೇ. ನನಗ ಗೊತ್ತಾಗತೈತಿ.”

“ಎಲ್ಲೋ ಇಲ್ಲೇ ಅಂದ್ರ? ಕಾಲಿಟ್ಟು ತೋರಸು.”

ಅವನು ಕಾಲಿಟ್ಟು ತೋರಿಸಿದ. ಅಗೆದರು. ಮಣ್ಣು, ಬೇರು, ಮತ್ತೆ ಮಣ್ಣು. ಬಿಳಿ ಅರಿವೆಯ ಎಳೆ ಕೂಡ ಸಿಗಲಿಲ್ಲ. ಆಯಿ ಸಲಿಕೆ ಎಸೆದು ಆ ಕುಣಿಯೊಳಗೇ ಇಳಿದು ಕೂತು, ಬರಿಗೈಯಿಂದ ಮಣ್ಣು ಕೆದರುತ್ತಾ, “ನನ್ನ ಮಗ ಸತ್ತರ ಲಿಂಗ ಎಲ್ಲಿ ಇಡೂಣೋ,” ಎಂದು ದನಿ ತೆಗೆದು ಅತ್ತಳು. ಅಪ್ಪ ಅವಳನ್ನು ಒಂದೇ ಕೈಯಿಂದ ಎತ್ತಿಕೊಂಡು ಬಂದ. ದಾರಿಯುದ್ದಕ್ಕೂ ಅವನು ಹಿಂದೆ ತಿರುಗಿ ನೋಡಲಿಲ್ಲ. ನಾನು ನೋಡಿದೆ. ನಾವು ಅಗೆದ ಗುಂಡಿಗಳು ಬಾಯಿ ತೆರೆದುಕೊಂಡಿದ್ದವು.

ಬನಹಟ್ಟಿಗೆ ಬಂದ ಮೇಲೆ ಅಪ್ಪನಿಗೆ ಪಕ್ಕದ ಮಗ್ಗದವರ ಗೋದಾಮು ಕಾಯುವ ಕೆಲಸ ಸಿಕ್ಕಿತು. ಆ ಮೊದಲ ಮಳೆಗಾಲದ ಒಂದು ಮಧ್ಯಾಹ್ನ, ಎಲ್ಲರೂ ಉಣ್ಣಲು ಕೂತಿದ್ದೆವು. ಮಗ್ಗ ಓಡುತ್ತಿತ್ತು, ಗೋಡೆ ನಡುಗುತ್ತಿತ್ತು. ಅಪ್ಪ ತುತ್ತು ಹಿಡಿದವನು ಹಾಗೇ ಕೂತುಬಿಟ್ಟ.

“ಕೈ ತಣ್ಣಗಾತು,” ಎಂದ.

“ಏನರ ಹೊದಿಸಲೇನ್ರಿ?” ಎಂದಳು ಅವ್ವ.

“ಈ ಕೈ ಅಲ್ಲ. ನೀರಾಗ ಇಟ್ಟಂಗಾತು.”

ಆಯಿ ಅವನನ್ನೇ ನೋಡಿದಳು. ಅದೇ ವಾರ ಬೀಳಗಿ ಕಡೆಯಿಂದ ಬಂದ ಸೋದರಮಾವ ಚಪ್ಪಲಿ ಬಿಡುತ್ತಾ ಹೇಳಿದ, ನೀರು ನಮ್ಮ ಹೊಲ ದಾಟಿ ಗುಡಿಯ ಮೆಟ್ಟಿಲಿಗೆ ಬಂದಿದೆ ಎಂದು. ಯಾವತ್ತು ಬಂತು ಎಂದು ಯಾರೂ ಅವನನ್ನು ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಆಮೇಲೆ ಪ್ರತಿ ಮಳೆಗಾಲಕ್ಕೂ ಅಪ್ಪನ ಕೈ ತಣ್ಣಗಾಗುತ್ತಿತ್ತು, ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಉರಿಯುತ್ತಿತ್ತು. ಒಮ್ಮೊಮ್ಮೆ ಮೀನು ಕಚ್ಚಿದಂತಾಗುತ್ತದೆ ಎಂದು ನಗುತ್ತಿದ್ದ. ಕತ್ತರಿಸಿದ ನರ ತಂಪಿಗೆ ಹಾಗೆ ಚುಚ್ಚುತ್ತದೆ ಎಂದು ನಾನು ಮುಂದೆ ಓದಿ ಬಂದು ಅವನಿಗೆ ಹೇಳಿದೆ. ಅವನು ಕೇಳಿ ತಲೆಯಾಡಿಸಿ, “ಇದ್ದೀತು, ನಿಮ್ಮ ಪುಸ್ತಕದವರು ಹೊಲಾ ನೋಡಿಲ್ಲ,” ಎಂದ.

ಹೀಗೆ ಅಂಗೈ ಕೊಡುತ್ತಲೇ ನಾನು ಮೆಟ್ರಿಕ್ ಮುಗಿಸಿದೆ, ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ವಿಜ್ಞಾನ ಓದಿದೆ. ಪೂಜೆಗೆಂದು ಮೊದಲ ಬಸ್ಸು ತಪ್ಪುತ್ತಿತ್ತು, ಎರಡನೆಯದರಲ್ಲಿ ನಿಂತು ಹೋಗುತ್ತಿದ್ದೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮನೆಯಲ್ಲಿ ಮೂವರಿಗೂ ಒಂದೇ ಚಿಂತೆ ಹತ್ತಿತು. ನಾನು ಹಾಸ್ಟೆಲಿಗೆ ಹೋದರೆ ಅಪ್ಪನ ಊಟ? ಬೇಡ, ಇಲ್ಲೇ ಯಾವುದಾದರೂ ಓದುತ್ತೇನೆ ಎಂದೆ. ಅಪ್ಪ ಗೋಡೆ ಬಿಟ್ಟು ಎದ್ದು ಕೂತ.

“ಅಯ್ಯನೋರನ್ನ ಕರಸ್ರಿ. ಇಕಿಗೆ ದೀಕ್ಷಾ ಕೊಡಸೂಣು.”

“ಹುಚ್ಚ ಹಿಡದೈತೇನೋ?” ಎಂದಳು ಆಯಿ. “ಇಕೀ ಕೈಯಾಗ ಇಕೀ ಲಿಂಗ ಬಂತಂದ್ರ ನಿಂದೆಲ್ಲಿ ಇಡತಿ?”

“ಇಷ್ಟು ದಿನಾ ಇಕೀ ಕೈ ನಾ ಇಟಗೊಂಡೇನಿ. ಇನ್ನ ಅಕೀದು ಅಕಿಗೆ ಬಿಡಬೇಕಬೇ.” ನನ್ನ ಕಡೆ ತಿರುಗಿದ. “ಹೋಗು. ಏನ್ ಕಲಿತಿ ಕಲಿ. ನನ್ನ ಚಿಂತಿ ಮಾಡಬ್ಯಾಡ. ನನಗ ಕೈ ಇಲ್ಲಂತ ಯಾರು ಅಂದ್ರು?”

ದೀಕ್ಷೆಯಾಯಿತು. ನನ್ನ ಅಂಗೈಗೆ ನನ್ನ ಲಿಂಗ ಬಂದ ದಿನ ಅದು ಹಗುರವೆನಿಸಿತು, ತಪ್ಪು ಜಾಗದಲ್ಲಿ ಕೂತಂತೆ ಅನಿಸಿತು. ಹಾಸ್ಟೆಲಿನಲ್ಲಿ ಬೆಳಗಿನ ಹೊತ್ತು ಸುಮ್ಮನೆ ಕೂತಾಗ ನನ್ನ ಎಡತೋಳು ತಾನಾಗಿಯೇ ಮುಂದೆ ಚಾಚಿ ಒಳಗೆ ತಿರುಗುತ್ತಿತ್ತು. ಕೋಣೆಯ ಹುಡುಗಿಯರು ಭಿಕ್ಷೆ ಕೇಳುತ್ತಾಳೆ ಎಂದು ನಗುತ್ತಿದ್ದರು. ನಾನು ಸಿಟ್ಟಿಗೆದ್ದು ಓದಿದೆ, ಅಷ್ಟೇ.

ರಜೆಗೆ ಬಂದಾಗ ನೋಡಿದೆ: ಅಪ್ಪ ಒಂದು ಸಣ್ಣ ಮಣೆಯನ್ನು ತನ್ನ ಎಡಮಗ್ಗುಲಿಗೆ, ಅಂಗೈ ಇರಬೇಕಾದ ಜಾಗಕ್ಕೆ ಸರಿಯಾಗಿ ಇಟ್ಟು, ಅದರ ಮೇಲೆ ಲಿಂಗವಿಟ್ಟು ಪೂಜಿಸುತ್ತಿದ್ದ. ಲಿಂಗ ಮಣೆಯ ಮೇಲಿಲ್ಲ, ಮಣೆಯ ಮೇಲಿರುವುದು ತನ್ನ ಕೈ, ಲಿಂಗ ಆ ಕೈಯೊಳಗಿದೆ ಎನ್ನುವುದು ಅವನ ಲೆಕ್ಕ. ಆಯಿ ತೀರಿಕೊಂಡ ಮೇಲಿನ ಒಂದು ರಜೆಯಲ್ಲಿ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು.

“ಕಸ್ತೂ, ಮಣಿ ನೋಡಿದ್ಯಾ?”

“ಏನಾಗೈತಿ ಮಣಿಗೆ?”

“ಹತ್ತರ ಹತ್ತರ ಬರಾಕತ್ತೈತಿ. ಮೊದಲ ಮೊಣಕಾಲಿನಾಚಿ ಇಡತಿದ್ರು. ಈಗ ತೊಡಿ ಮ್ಯಾಲೆ. ನನಗ ಹೆದರಿಕಿ ಬರತೈತಿ ಬೇ.”

ಕಳೆದುಹೋದ ಕೈ ವರ್ಷ ಉರುಳಿದಂತೆ ಗಿಡ್ಡವಾಗುತ್ತದೆ, ಅಂಗೈ ಮೆಲ್ಲಗೆ ತೋಳಿನ ಕಡೆ ಸರಿಯುತ್ತದೆ ಎಂದು ನಾನಾಗಲೇ ಓದಿದ್ದೆ. ಓದಿದ್ದನ್ನು ಅವ್ವನಿಗೆ ಹೇಳಿದೆ. ಹೇಳುವಾಗ ನೀರಿನೊಳಗಿನ ಒಂದು ಕೈ ವರ್ಷವರ್ಷ ಬೆರಳೂರಿ ಮನೆಯ ಕಡೆ ತೆವಳುತ್ತಿರುವುದು ಕಣ್ಣಿಗೆ ಬಂತು.

ಪ್ರೊಫೆಸರ್ ಆದ ಹೊಸತರಲ್ಲಿ ನನ್ನ ಪ್ರಯೋಗಾಲಯಕ್ಕೆ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟ ಒಬ್ಬ ರೈತರು ಬಂದಿದ್ದರು, ನಮ್ಮ ಕಡೆಯವರೇ. ನರಕ್ಕೆ ಸಣ್ಣ ಕರೆಂಟ್ ಕೊಟ್ಟೆವು. ಅವರು ಕಣ್ಣರಳಿಸಿ, “ಅಂಗೈಯಾಗ ಯಾರೋ ಏನೋ ಇಟ್ರು ನೋಡ್ರಿ,” ಎಂದರು. ಕೇಳಬಾರದಿತ್ತೇನೋ, ಕೇಳಿದೆ: “ತಣ್ಣಗೈತೇನ್ರಿ?”

“ತಣ್ಣಗೈತ್ರಿ. ಸಣ್ಣದೈತಿ, ಗುಂಡಗ. ನಿಮಗ ಹೆಂಗ ಗೊತ್ತಾತ್ರಿ ಅಕ್ಕಾರ?”

ವಿದ್ಯಾರ್ಥಿಗಳು ನಕ್ಕರು. ನಾನು ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ಆ ವಾರವೇ ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ, ನಿನಗೂ ಒಂದು ಕೈ ಮಾಡಿಕೊಡುತ್ತೇನೆ, ಮುಟ್ಟಿದ್ದು ತಿಳಿಯುವ ಕೈ. ಅವನು ಬಹಳ ಪ್ರೀತಿಯಿಂದ ಬೇಡವೆಂದ.

“ಇದ್ದ ಕೈ ಮ್ಯಾಲೆ ಇನ್ನೊಂದು ಕೈ ಯಾಕವಾ. ನನ್ನ ಕೈ ಹತ್ತರ ಬಂದೈತಿ. ಬಾ, ಮುಟ್ಟು.” ನನ್ನ ಬೆರಳು ಹಿಡಿದು ಮೊಂಡುಗೈಯ ಒಳಮಗ್ಗುಲಿಗೆ, ಮೊಣಕೈಯ ಮಡಿಕೆಯ ತುಸು ಕೆಳಗೆ ಒತ್ತಿದ. “ಇದು ಹೆಬ್ಬಟ್ಟು. ಇದು ಕಿರಿಬೆರಳು. ನಡುವಿಂದು ಅಂಗೈ. ತಿಳೀತಾ? ನಾ ಸತ್ತರ ಅಯ್ಯನೋರಿಗೆ ನಾ ಹೇಳಾಕ ಬರಂಗಿಲ್ಲ. ನೀ ನೋಡಿಟಗೋ.”

ನೋಡಿಟ್ಟುಕೊಂಡೆ. ಅಷ್ಟು ಸೂಕ್ಷ್ಮವಾಗಿ ನಾನು ಯಾವ ಯಂತ್ರದಿಂದಲೂ ಏನನ್ನೂ ಅಳೆದಿಲ್ಲ.

ಅಪ್ಪ ಹೋದದ್ದು ಮಳೆಗಾಲದಲ್ಲಿ. ಹಿನ್ನೀರು ತುಂಬಿತ್ತು, ಹಿರಿಯರ ಮಗ್ಗುಲಿಗೆ ಒಯ್ಯುವ ಮಾತೇ ಇರಲಿಲ್ಲ. ಬನಹಟ್ಟಿಯ ಹೊರಗೆ ಕುಣಿ ತೆಗೆಸಿದರು. ವಿಭೂತಿ ಹಚ್ಚಿ, ಕುಣಿಯ ಗೋಡೆಯಲ್ಲಿ ಕೊರೆದ ಗವಿಯಲ್ಲಿ ಅವನನ್ನು ಕೂಡಿಸಿದರು. ಒಳಗಿಳಿದಿದ್ದ ಅಯ್ಯನವರು ಚಿಕ್ಕ ವಯಸ್ಸಿನವರು, ನಮ್ಮ ಮನೆಗೆ ಹೊಸಬರು. ಅಪ್ಪನ ಕೊರಳಿನ ಕರಡಿಗೆ ಬಿಚ್ಚಿ ಲಿಂಗ ಹಿಡಿದುಕೊಂಡು ಅವನ ಎಡಗಡೆ ನೋಡಿ ಕೈತಡೆದು ನಿಂತರು.

“ಎದಿ ಮ್ಯಾಲೆ ಇಟ್ಟು ಕಟ್ಟಿಬಿಡೂಣ್ರಿ?” ಎಂದು ಮೇಲೆ ನೋಡಿ ಕೇಳಿದರು.

ಸೋದರಮಾವ ತಲೆ ತಗ್ಗಿಸಿದ. ನಮ್ಮಲ್ಲಿ ಹೆಣ್ಣುಮಕ್ಕಳು ಕುಣಿಗೆ ಇಳಿಯುವುದಿಲ್ಲ. ಅವ್ವ ಜನರ ನಡುವಿನಿಂದ ನನ್ನ ಬೆನ್ನಿಗೆ ಕೈಯಿಟ್ಟು ಮುಂದೆ ದೂಡಿದಳು.

“ಎದಿ ಮ್ಯಾಲೆ ಬ್ಯಾಡ್ರಿ ಅಯ್ಯನೋರ. ಅವರಿಗೆ ಕೈ ಐತಿ. ಕಸ್ತೂ, ಇಳದು ತೋರಸು.”

ಇಳಿದೆ. ಒಳಗೆ ಹಸಿ ಮಣ್ಣಿನ ವಾಸನೆ, ಗೋಡೆಯಿಂದ ನೀರು ಜಿನುಗುತ್ತಿತ್ತು. ಅಪ್ಪನ ಮೊಂಡುಗೈಯನ್ನು ಹಿಡಿದು ತುಸು ಮುಂದೆ ತಂದೆ, ಒಳಗೆ ತಿರುಗಿಸಿದೆ. ಮೊಣಕೈಯ ಮಡಿಕೆಯ ಕೆಳಗೆ ಬೆರಳಿಟ್ಟೆ. ಇದು ಹೆಬ್ಬಟ್ಟು, ಇದು ಕಿರಿಬೆರಳು.

“ಇಲ್ಲಿ ಇಡ್ರಿ,” ಎಂದೆ.

ಅಯ್ಯನವರು ಏನೂ ಕೇಳದೆ ಅಲ್ಲಿಟ್ಟರು. ಬಿಳಿ ಅರಿವೆಯಿಂದ ಕಟ್ಟಿದರು. ನನ್ನನ್ನು ಮೇಲೆ ಎಳೆದುಕೊಂಡರು. ಜನ ಮಣ್ಣು ಎಳೆಯಲು ಬಗ್ಗಿದರು, ನನ್ನ ಕೈಗೂ ಯಾರೋ ಒಂದು ಹಿಡಿ ಮಣ್ಣು ಕೊಡಲು ಬಂದರು. ಆಗಲೇ ತಿಳಿದದ್ದು, ನನ್ನ ಎಡಗೈ ಮುಷ್ಟಿ ಕಟ್ಟಿದೆ. ತೆರೆಯಲು ನೋಡಿದೆ, ಆಗಲಿಲ್ಲ. ಉಗುರು ಒಳಗಿಳಿದು ನೋಯುತ್ತಿತ್ತು.

ಅವ್ವ ನೋಡಿದಳು. ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಎಷ್ಟೋ ವರ್ಷ ಗಂಟುಬಿದ್ದ ನೂಲು ಬಿಡಿಸಿದ ಬೆರಳುಗಳಿಂದ, ಕಿರಿಬೆರಳಿನಿಂದ ಶುರುಮಾಡಿ ಒಂದೊಂದನ್ನೇ ಬಿಡಿಸಿದಳು.

“ಇಟ್ಟಾತಬೇ,” ಎಂದಳು. “ಬಿಡು ಇನ್ನ.”